ಗೋಳಗುಮ್ಮಟದ ಸುಲ್ತಾನ: ಮೊದಲೇ ಹೊಂದಿಸಿಟ್ಟಿದ್ದು ಏನು, ಆಮೇಲೆ ಮತ್ತೆ ಹೊಂದಿಸಬೇಕಾಗಿ ಬಂದದ್ದು ಏನು?

ಬಾಗಲಕೋಟೆ ಕಡೆಯಿಂದ ರೈಲಿನಲ್ಲಿ ವಿಜಯಪುರಕ್ಕೆ ಬಂದವರಿಗೆ ಇದು ಗೊತ್ತಿರುತ್ತದೆ. ಇಬ್ರಾಹಿಂಪುರ ಸ್ಟೇಷನ್ ದಾಟಿದ ಮೇಲೆ ಬರುವುದೇ ವಿಜಯಪುರ. ಊರಿನ ಮನೆಗಳನ್ನೆಲ್ಲ ಮೀರಿ ನಿಂತು ಕಣ್ಣಿಗೆ ಬೀಳುವುದು ಗೋಳಗುಮ್ಮಟ. ಅದರ ಫೋಟೋ ಹಾಕಿದ ಫಾರ್ವರ್ಡ್‌ಗಳು ನಿಮ್ಮ ಗ್ರೂಪಿಗೂ ಬಂದಿರಬಹುದು. ಕಂಬವೇ ಇಲ್ಲದೆ ನಿಂತ ಪವಾಡ, ಕರೆಂಟ್ ಇಲ್ಲದೆ ನೀರನ್ನು ಮೇಲೆತ್ತುತ್ತಿದ್ದ ಗೋಪುರಗಳು, ಒಮ್ಮೆ ಕಟ್ಟಿದರೆ ನೂರಾರು ವರ್ಷ ಯಾರೂ ಕೈ ಹಾಕಬೇಕಾಗಿಲ್ಲದ ತಂತ್ರಜ್ಞಾನ ಅಂತೆಲ್ಲ ಅದರಲ್ಲಿ ಬರೆದಿರುತ್ತದೆ. ಕೊನೆಯಲ್ಲಿ ಇಂದಿನ ಎಂಜಿನಿಯರ್‌ಗಳಿಗೆ ಒಂದಿಷ್ಟು ಬೈಗುಳವೂ ಇರುತ್ತದೆ.

ಇದರಲ್ಲಿ ನಿಜವೂ ಇದೆ, ತಪ್ಪೂ ಇದೆ. ಎರಡನ್ನೂ ಬೇರೆ ಮಾಡಬೇಕಾದರೆ ಒಂದು ಚಿಕ್ಕ ವ್ಯತ್ಯಾಸ ಗೊತ್ತಿರಬೇಕು. ಮುಂಚೆಯೇ ಹೊಂದಿಸಿಡುವುದು ಒಂದು ಕೆಲಸ. ಆಮೇಲೆ ನೋಡಿಕೊಂಡು ಮತ್ತೆ ಹೊಂದಿಸುವುದು ಇನ್ನೊಂದು ಕೆಲಸ. ಅಡುಗೆಮನೆಯಲ್ಲಿ ಎರಡೂ ದಿನಾ ನಡೆಯುತ್ತವೆ. ಕುಕ್ಕರಿನ ಮೇಲಿನ ವೇಟ್ ಎಷ್ಟು ಭಾರ ಇರಬೇಕು ಎಂಬುದನ್ನು ಕಾರ್ಖಾನೆಯಲ್ಲೇ ಲೆಕ್ಕ ಹಾಕಿರುತ್ತಾರೆ. ಒಳಗಿನ ಹಬೆಯ ಒತ್ತಡ ಆ ಮಿತಿ ಮುಟ್ಟಿದ ಕೂಡಲೇ ವೇಟ್ ತಾನೇ ಎದ್ದು ಹಬೆಯನ್ನು ಹೊರಗೆ ಬಿಡುತ್ತದೆ. ಇದು ಮುಂಚೆಯೇ ಹೊಂದಿಸಿಟ್ಟದ್ದು. ಸೀಟಿ ಕೇಳಿ ನೀವು ಹೋಗಿ ಗ್ಯಾಸ್ ಸಣ್ಣ ಮಾಡುತ್ತೀರಲ್ಲ, ಅದು ಮತ್ತೆ ಹೊಂದಿಸುವುದು. ವೇಟ್ ಇದೆ ಎಂದು ಗ್ಯಾಸ್ಕೆಟ್ ಬದಲಿಸದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬೇಳೆ ಅಂಟಿದ ಗೋಡೆಗಳು ಹೇಳುತ್ತವೆ.

ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಷಾನ ಜೀವನವನ್ನು ನಾವು ಈ ಕಣ್ಣಿನಿಂದ ನೋಡಲು ಹೊರಟಿದ್ದೇವೆ. ಆತ 1627ರಿಂದ 1656ರವರೆಗೆ ಬಿಜಾಪುರವನ್ನು ಆಳಿದ. ಆತನ ಕಾಲದಲ್ಲಿ ಕಲ್ಲು ಗಾರೆಯಲ್ಲಿ ಕಟ್ಟಿದ್ದೆಲ್ಲ ಮುಂದಾಲೋಚನೆಯ ಪಾಠದಂತೆ ಇದೆ. ರಾಜಕೀಯದಲ್ಲಿ ಮಾತ್ರ ಬಹುಪಾಲು ನಡೆದದ್ದು ಆದದ್ದಾದ ಮೇಲೆ ಸರಿಪಡಿಸುವ ಕೆಲಸ.

ಹದಿಹರೆಯದ ಸುಲ್ತಾನ

ಮಹಮ್ಮದನ ತಂದೆ ಎರಡನೇ ಇಬ್ರಾಹಿಂ ಆದಿಲ್‌ಷಾ. ಸಂಗೀತದ ಹುಚ್ಚಿಗೆ ಹೆಸರಾದ, ಜಗದ್ಗುರು ಬಾದಶಹ ಎಂದು ಜನ ಕರೆಯುತ್ತಿದ್ದ ಸುಲ್ತಾನ. 1627ರಲ್ಲಿ ಆತ ತೀರಿಕೊಂಡಾಗ ಪಟ್ಟಕ್ಕೆ ಬಂದದ್ದು ಹಿರಿಯ ಮಗನಲ್ಲ. ದರ್ಬಾರಿನ ಬಲಾಢ್ಯರು ಹಿರಿಯವನನ್ನು ಬದಿಗೆ ಸರಿಸಿ, ಸುಮಾರು 15 ವರ್ಷದ ಮಹಮ್ಮದನನ್ನು ಸಿಂಹಾಸನದ ಮೇಲೆ ಕೂರಿಸಿದರು. ಹುಡುಗ ಸುಲ್ತಾನನಾದರೆ ಅಧಿಕಾರ ತಮ್ಮ ಕೈಯಲ್ಲಿ ಇರುತ್ತದೆ ಎಂಬ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಮೊದಲ ಎಂಟು ಒಂಬತ್ತು ವರ್ಷ ಖವಾಸ್ ಖಾನ್ ಎಂಬ ಮಂತ್ರಿ ಹೇಳಿದ್ದೇ ನಡೆಯಿತು. ಆ ಖವಾಸ್ ಖಾನ್ ಕೊಲೆಯಾದ ಮೇಲೆಯೇ ಮಹಮ್ಮದ್ ತನ್ನ ಕಾಲ ಮೇಲೆ ನಿಂತದ್ದು.

ಅಷ್ಟರಲ್ಲಿ ಉತ್ತರದಿಂದ ಮೊಗಲರು ಬಂದಿದ್ದರು. 1631ರಲ್ಲಿ ಷಹಜಹಾನನ ಸೇನಾಪತಿ ಆಸಫ್ ಖಾನ್ ಬಿಜಾಪುರಕ್ಕೆ ಮುತ್ತಿಗೆ ಹಾಕಿದ. ಆದರೆ ಸುತ್ತಲಿನ ಊರುಗಳಲ್ಲಿ ಕಾಳು ಇಲ್ಲ, ಕುದುರೆಗೆ ಮೇವಿಲ್ಲ. ಕೆಲವೇ ವಾರಗಳಲ್ಲಿ ಮುತ್ತಿಗೆ ಬಿಟ್ಟು ಹಿಂದೆ ಸರಿಯಬೇಕಾಯಿತು. 1636ರಲ್ಲಿ ಮತ್ತೆ ಬಂದರು, ಈ ಸಲ ಮೂರು ದಿಕ್ಕಿನಿಂದ. ಆಗ ಬಿಜಾಪುರದವರು ಶಾಹಪುರದ ಕೆರೆ ಏರಿಯನ್ನು ತಾವೇ ಒಡೆದು, ಊರ ಸುತ್ತಲಿನ ನೆಲಕ್ಕೆ ನೀರು ನುಗ್ಗಿಸಿದರು. ವೈರಿ ಗೋಡೆಯ ಹತ್ತಿರ ಡೇರೆ ಹಾಕುವುದೇ ಕಷ್ಟವಾಯಿತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ವಿಜಯಪುರ ಜಿಲ್ಲೆಯಲ್ಲಿ ಮಳೆ ಎಷ್ಟು ಎಂಬುದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು, ಅದೂ ನಂಬುವ ಹಾಗಿಲ್ಲ. ಕೆಳಗೆ ಕರಿಕಲ್ಲಿನ ಹಾಸು. ಅಂಥ ಊರಿನವರು ತಮ್ಮ ಕೆರೆಯನ್ನು ತಾವೇ ಒಡೆಯಬೇಕಾಯಿತು ಎಂದರೆ ಅದು ಜಾಣತನ ಎನ್ನುವುದಕ್ಕಿಂತ ಬೇರೆ ದಾರಿ ಇಲ್ಲದ ಸ್ಥಿತಿ. ಮತ್ತೆ ಹೊಂದಿಸುವ ಕೆಲಸಕ್ಕೆ ಯಾವಾಗಲೂ ಹೀಗೆ ಒಂದು ಬೆಲೆ ಇರುತ್ತದೆ. ಪೆಟ್ಟು ಬಿದ್ದ ಮೇಲೆ ಸರಿ ಮಾಡುವಾಗ ಕೈಯಲ್ಲಿ ಉಳಿದಿರುವ ದಾರಿಗಳು ಕಡಿಮೆ. ಉಳಿದವೂ ದುಬಾರಿ.

1636ರ ಮೇ ತಿಂಗಳಲ್ಲಿ ಒಪ್ಪಂದ ಆಯಿತು. ಮಹಮ್ಮದ್ ಮೊಗಲರ ಮೇಲಾಳಿಕೆಯನ್ನು ಒಪ್ಪಿಕೊಂಡ, 20 ಲಕ್ಷ ರೂಪಾಯಿ ಕಾಣಿಕೆ ಕೊಡಲು ಒಪ್ಪಿದ. ಬದಲಿಗೆ ಅಹಮದ್‌ನಗರದ ನಿಜಾಮಶಾಹಿಯ ನೆಲದಲ್ಲಿ ಆತನಿಗೂ ಪಾಲು ಸಿಕ್ಕಿತು. ಉತ್ತರದ ಗಡಿ ಶಾಂತವಾಯಿತು. ಅಲ್ಲಿಂದ ಮುಂದೆ ಸೈನ್ಯ ದಕ್ಷಿಣಕ್ಕೆ ತಿರುಗಿತು. ರಣದುಲ್ಲಾ ಖಾನ್ ಮತ್ತು ಶಹಾಜಿ ಇಕ್ಕೇರಿಯ ಮೇಲೆ ಬಿದ್ದರು. 1638ರಲ್ಲಿ ಕೆಂಪೇಗೌಡರ ವಂಶದವರ ಕೈಯಿಂದ ಬೆಂಗಳೂರು ಹೋಯಿತು, ಶಹಾಜಿಗೆ ಜಹಗೀರಾಗಿ ಸಿಕ್ಕಿತು. ಮುಂದೆ ಸೈನ್ಯ ತಮಿಳುನಾಡಿನ ಜಿಂಜಿಯವರೆಗೂ ಹೋಯಿತು. ಆದಿಲ್‌ಷಾಹಿ ರಾಜ್ಯ ಅತಿ ದೊಡ್ಡದಾಗಿದ್ದು ಈ ಮಹಮ್ಮದನ ಕಾಲದಲ್ಲಿ. ಈ ಯುದ್ಧಗಳಲ್ಲಿ ಲೂಟಿಯಾದ ಊರುಗಳ ಕಥೆ ಬೇರೆಯೇ ಇದೆ. ಅದನ್ನು ಈ ಲೇಖನದಲ್ಲಿ ಮುಗಿಸಲು ಆಗುವುದಿಲ್ಲ.

ಗುಮ್ಮಟ ಯಾಕೆ ಬೀಳಲಿಲ್ಲ?

ಪಟ್ಟಕ್ಕೆ ಬಂದ ಆರಂಭದ ವರ್ಷಗಳಲ್ಲೇ ಮಹಮ್ಮದ್ ತನ್ನ ಗೋರಿಯ ಕೆಲಸ ಶುರು ಮಾಡಿಸಿದ ಎನ್ನುತ್ತಾರೆ. ಇದು ಈಗಿನವರಿಗೆ ವಿಚಿತ್ರ ಅನ್ನಿಸಬಹುದು. ಆಗ ಅದು ವಾಡಿಕೆ. ತಂದೆಯ ಗೋರಿ ಇಬ್ರಾಹಿಂ ರೋಜಾ ಅಷ್ಟು ನಾಜೂಕು ಕೆತ್ತನೆಯದು. ಅದಕ್ಕಿಂತ ಸುಂದರವಾಗಿ ಕಟ್ಟಲು ಆಗುವುದಿಲ್ಲ ಎಂದು ತಿಳಿದೇ ಮಗ ಗಾತ್ರದ ದಾರಿ ಹಿಡಿದ ಎಂದು ಇತಿಹಾಸಕಾರರು ಊಹಿಸುತ್ತಾರೆ. ನಮಗೂ ಹಾಗೇ ಅನ್ನಿಸುತ್ತದೆ. ಕಟ್ಟಿದ ಶಿಲ್ಪಿಯ ಹೆಸರು ದಾಬೂಲಿನ ಯಾಕೂತ್ ಎಂದು ಹೇಳುವುದು ರೂಢಿ.

ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಕೆಳಗಿನ ಹಜಾರದ ನೆಲ ಸುಮಾರು 1,700 ಚದರ ಮೀಟರ್, ನಡುವೆ ಒಂದೂ ಕಂಬ ಇಲ್ಲ. ಗೋಡೆಗಳ ದಪ್ಪ ಹತ್ತು ಅಡಿ ಆಸುಪಾಸು. ಕಂಬ ಇಲ್ಲದಿರುವುದೇ ಪವಾಡ ಎಂದು ಫಾರ್ವರ್ಡ್ ಹೇಳುತ್ತದೆ. ಯಾವ ಗುಮ್ಮಟಕ್ಕೂ ನಡುವೆ ಕಂಬ ಬೇಕಾಗಿಲ್ಲ. ಗುಮ್ಮಟದ ನಿಜವಾದ ತೊಂದರೆ ನಡುವಿನಲ್ಲಿ ಇರುವುದಿಲ್ಲ, ಅಂಚಿನಲ್ಲಿ ಇರುತ್ತದೆ.

ಒಂದು ಹಪ್ಪಳವನ್ನು ಬೋರಲು ಬಟ್ಟಲಿನ ಹಾಗೆ ಬಾಗಿಸಿ ಮೇಲಿನಿಂದ ಒತ್ತಿ ನೋಡಿ. ನಡು ಕೆಳಗೆ ಕುಸಿಯುವ ಮೊದಲೇ ಅಂಚು ಹೊರಕ್ಕೆ ಜಾರುತ್ತದೆ. ಸಾವಿರಾರು ಟನ್ ತೂಕದ ಇಟ್ಟಿಗೆ ಗಾರೆಯ ಗುಮ್ಮಟವೂ ಹಾಗೇ ಬುಡದಲ್ಲಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಹಗಲು ರಾತ್ರಿ, ವರ್ಷಗಟ್ಟಲೆ. ಗೋಡೆ ಸ್ವಲ್ಪ ಸರಿದರೂ ಸಾಕು, ಬಿರುಕು ಶುರು.

ಇದಕ್ಕೆ ಗೋಳಗುಮ್ಮಟದಲ್ಲಿ ಮಾಡಿದ ಉಪಾಯ ನೋಡಬೇಕಾದರೆ ಒಳಗೆ ನಿಂತು ಮೇಲೆ ನೋಡಬೇಕು. ಚೌಕಾಕಾರದ ಹಜಾರದ ಮೇಲೆ ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗುತ್ತವೆ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟ ನಕ್ಷತ್ರದ ಹಾಗೆ. ಕಮಾನುಗಳ ನಡುವಿನ ಭಾಗ ಮೇಲೆ ಹೋದಂತೆ ಒಳಮುಖವಾಗಿ ಚಾಚಿಕೊಂಡು, ಕೊನೆಗೆ ದುಂಡನೆಯ ಅಂಚಾಗುತ್ತದೆ. ಅದರ ಮೇಲೆ ಗುಮ್ಮಟ ಕೂತಿದೆ. ಒಳಕ್ಕೆ ಚಾಚಿದ ಈ ಭಾರೀ ಕಟ್ಟಡಕ್ಕೆ ಒಳಕ್ಕೆ ವಾಲುವ ಸ್ವಭಾವ. ಗುಮ್ಮಟಕ್ಕೆ ಹೊರಕ್ಕೆ ತಳ್ಳುವ ಸ್ವಭಾವ. ಎರಡೂ ಒಂದಕ್ಕೊಂದು ಎದುರಾಗಿ ನಿಂತಿವೆ. ಮುಂದೆ ಬರುವ ತಳ್ಳುವಿಕೆ ಎಷ್ಟು, ಯಾವ ದಿಕ್ಕಿಗೆ ಎಂದು ಅಂದಾಜು ಮಾಡಿ, ಗುಮ್ಮಟ ಏರುವ ಮೊದಲೇ ಅದಕ್ಕೆ ಎದುರಾಳಿಯನ್ನು ಕಟ್ಟಿಟ್ಟರು.

ಪಿಸುಮಾತಿನ ಗ್ಯಾಲರಿ ಎಂದು ನಾವೆಲ್ಲ ಹತ್ತಿ ಕೂಗುವ ಜಾಗವೂ ಇದೇ ಒಳಚಾಚಿನ ಮೇಲೆಯೇ ಇದೆ. ಗೋಡೆಯ ಒಂದು ಕಡೆ ಪಿಸುಗುಟ್ಟಿದ್ದು ಎದುರಿಗೆ ಕೇಳುವುದು ದುಂಡು ಗೋಡೆಗೆ ಬಡಿದ ಶಬ್ದ ಅದರ ಉದ್ದಕ್ಕೂ ಜಾರಿಕೊಂಡು ಹೋಗುವುದರಿಂದ. ಅದು ಗುಮ್ಮಟದ ಆಕಾರದಿಂದ ಪುಕ್ಕಟೆ ಸಿಕ್ಕಿದ್ದು. ಶಾಲೆ ಮಕ್ಕಳು ಬಂದ ದಿನ ಅಲ್ಲಿ ಪಿಸುಮಾತು ಬಿಡಿ, ಪಕ್ಕದವರ ಮಾತೂ ಕೇಳುವುದಿಲ್ಲ.

ಮುಂಚೆಯೇ ಹೊಂದಿಸದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಎರಡು ಪ್ರಸಿದ್ಧ ಕಟ್ಟಡಗಳಿವೆ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ 537ರಲ್ಲಿ ಮುಗಿಯಿತು. ಅದರ ಮೊದಲ ಗುಮ್ಮಟ ಚಪ್ಪಟೆಯಾಗಿತ್ತು. ಗುಮ್ಮಟ ಚಪ್ಪಟೆಯಾದಷ್ಟೂ ಹೊರಕ್ಕೆ ತಳ್ಳುವುದು ಜಾಸ್ತಿ. ಭೂಕಂಪಗಳಿಂದ ಜರ್ಜರಿತವಾಗಿ 558ರಲ್ಲಿ ಕುಸಿಯಿತು. ಮತ್ತೆ ಕಟ್ಟಿದಾಗ ಸುಮಾರು 6 ಮೀಟರ್ ಎತ್ತರಿಸಿದರು. ರೋಮಿನ ಸಂತ ಪೀಟರ್ ಚರ್ಚಿನ ಗುಮ್ಮಟ ಗಾತ್ರದಲ್ಲಿ ಗೋಳಗುಮ್ಮಟದ ಜೊತೆ ಹೋಲಿಸುವಂಥದ್ದು. 18ನೇ ಶತಮಾನದ ಹೊತ್ತಿಗೆ ಅದರಲ್ಲಿ ಬಿರುಕು ಹೆಚ್ಚಾಗಿ, ಪೋಪ್ ಗಣಿತಜ್ಞರನ್ನು ಕರೆಸಿ ಲೆಕ್ಕ ಹಾಕಿಸಬೇಕಾಯಿತು. 1740ರ ದಶಕದಲ್ಲಿ ಪೀಪಾಯಿಗೆ ಪಟ್ಟಿ ಬಿಗಿದ ಹಾಗೆ ಐದು ಹೊಸ ಕಬ್ಬಿಣದ ಬಳೆಗಳನ್ನು ಹಾಕಿದರು. ಇವೆರಡೂ ಇಂದಿಗೂ ನಿಂತಿವೆ. ಮತ್ತೆ ಹೊಂದಿಸುವುದನ್ನು ನಾವು ಕೀಳು ಎಂದು ತಿಳಿಯಬೇಕಾಗಿಲ್ಲ.

ಗೋಳಗುಮ್ಮಟಕ್ಕೂ ರಿಪೇರಿ ತಪ್ಪಿಲ್ಲ. ಗಾರೆ ಉದುರುತ್ತದೆ, ಮಳೆನೀರು ಇಳಿಯುತ್ತದೆ, ಸಂದಿಯಲ್ಲಿ ಗಿಡ ಹುಟ್ಟುತ್ತದೆ. ಅದನ್ನೆಲ್ಲ ನೋಡಿಕೊಳ್ಳಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇದೆ. ಮುಂಚೆ ಹೊಂದಿಸಿಟ್ಟಿದ್ದರಿಂದ ಆದ ಲಾಭ ಏನೆಂದರೆ, ಆ ರಿಪೇರಿಗಳು ಸಣ್ಣವಾದವು. ಯಾರೂ ಮುಟ್ಟದೆ ನಿಂತಿದೆ ಎನ್ನುವುದು ಮಾತ್ರ ಸುಳ್ಳು.

ಹಾಸಿಗೆ ಹಿಡಿದ ಹತ್ತು ವರ್ಷ

1646ರ ಹೊತ್ತಿಗೆ ಸುಲ್ತಾನ ಹಾಸಿಗೆ ಹಿಡಿದ. ಆಗ ಆತನಿಗೆ ಇನ್ನೂ 35 ತುಂಬಿರಲಿಲ್ಲ. ಮುಂದಿನ ಹತ್ತು ವರ್ಷ ಪೂರ್ತಿ ಗುಣವಾಗಲೇ ಇಲ್ಲ. ವಿಜಯಪುರದಲ್ಲಿ ಇಂದಿಗೂ ಹೇಳುವ ಕಥೆಯೊಂದಿದೆ. ಸೂಫಿ ಸಂತ ಹಾಶಿಂಪೀರರು ತಮ್ಮ ಆಯುಷ್ಯದಲ್ಲಿ ಹತ್ತು ವರ್ಷವನ್ನು ಸುಲ್ತಾನನಿಗೆ ಕೊಟ್ಟು ತಾವು ತೀರಿಕೊಂಡರು ಎಂದು. ಸಂತರು ತೀರಿಕೊಂಡ ವರ್ಷ, ಸುಲ್ತಾನ ಆಮೇಲೆ ಬದುಕಿದ ವರ್ಷ ಎರಡೂ ಕಥೆಗೆ ಹೊಂದುತ್ತವೆ. ಆದರೆ ಹತ್ತು ವರ್ಷ ಎಂಬ ಲೆಕ್ಕ ಸಿಗುವುದು ಸುಲ್ತಾನ ಸತ್ತ ಮೇಲೆ ತಾನೇ? ಇದನ್ನು ಭಕ್ತಿಯ ಕಥೆಯಾಗಿ ಕೇಳುವುದಕ್ಕೆ ನಮ್ಮ ಅಡ್ಡಿ ಇಲ್ಲ. ವೈದ್ಯಕೀಯ ಸಾಕ್ಷಿ ಎಂದು ಫಾರ್ವರ್ಡ್ ಮಾಡಿದರೆ ಮಾತ್ರ ಅಡ್ಡಿ ಇದೆ. ಆತನಿಗೆ ಯಾವ ಕಾಯಿಲೆ ಇತ್ತು ಎಂದು ನಾಲ್ಕು ಶತಮಾನದ ಆಚೆಯಿಂದ ಹೆಸರಿಸಲು ಹೊರಡುವುದೂ ಅಷ್ಟೇ ತಪ್ಪು.

ಕಾಯಿಲೆಯ ಮಾತು ಬಂತು, ಇಲ್ಲೊಂದು ಅಡ್ಡಮಾತು. ನಮ್ಮ ಮೈಯಲ್ಲೂ ಈ ಎರಡು ಬಗೆಯ ಕೆಲಸ ನಡೆಯುತ್ತಲೇ ಇರುತ್ತದೆ. ಓಟದ ಪಂದ್ಯದಲ್ಲಿ ಸೀಟಿ ಊದುವ ಮೊದಲೇ ಎದೆ ಬಡಿತ ಏರುತ್ತದೆ. ಕಾಲುಗಳು ಇನ್ನೂ ಓಡಿಲ್ಲ, ಮಿದುಳು ಮೊದಲೇ ಸಿದ್ಧತೆ ಮಾಡಿದೆ. ಕೂತಲ್ಲಿಂದ ದಿಢೀರನೆ ಎದ್ದಾಗ ನಡೆಯುವುದು ಇನ್ನೊಂದು. ರಕ್ತ ಕಾಲಿಗೆ ಇಳಿಯುತ್ತದೆ, ಕುತ್ತಿಗೆಯ ರಕ್ತನಾಳದಲ್ಲಿರುವ ಸಂವೇದಕಗಳು ಒತ್ತಡ ಕಡಿಮೆಯಾಗಿದ್ದನ್ನು ಗುರುತಿಸುತ್ತವೆ, ಕೆಲವೇ ಸೆಕೆಂಡಿನಲ್ಲಿ ಬಡಿತ ಹೆಚ್ಚಾಗಿ ಸರಿಹೋಗುತ್ತದೆ. ವಯಸ್ಸಾದವರಲ್ಲಿ ಈ ಸರಿಪಡಿಕೆ ನಿಧಾನ, ಅದಕ್ಕೇ ತಲೆ ತಿರುಗುವುದು. ಒಂದು ಬಗೆ ಸಾಕು, ಇನ್ನೊಂದು ಬೇಡ ಎಂದು ಮೈ ಹೇಳುವುದಿಲ್ಲ.

ಸುಲ್ತಾನ ಮಲಗಿದ ಮೇಲೆ ಆಡಳಿತ ನೋಡಿಕೊಂಡದ್ದು ರಾಣಿ. ಬಡೀ ಸಾಹಿಬಾ ಎಂದು ಹೆಸರಾದ ಆಕೆ ಗೋಲ್ಕೊಂಡದ ಕುತುಬ್‌ಶಾಹಿ ಮನೆಯ ಮಗಳು. ಗಟ್ಟಿಗಿತ್ತಿ. ಆದರೆ ದೂರದ ಕೋಟೆಗಳ ಮೇಲೆ ಹಿಡಿತ ಸಡಿಲವಾಯಿತು. ಪಶ್ಚಿಮ ಘಟ್ಟದ ಕಡೆ ಶಹಾಜಿಯ ಮಗ ಶಿವಾಜಿ ಒಂದೊಂದೇ ಕೋಟೆಯನ್ನು ಕೈಗೆ ತೆಗೆದುಕೊಳ್ಳತೊಡಗಿದ್ದು ಈ ವರ್ಷಗಳಲ್ಲೇ. ಅದಕ್ಕೆ ಬಿಜಾಪುರದ ಉತ್ತರವಾಗಿ 1648ರಲ್ಲಿ ಶಹಾಜಿಯನ್ನು ಬಂಧಿಸಿದರು, ಮರುವರ್ಷ ಬಿಟ್ಟರು.

ಬೇಗಂ ತಲಾಬ್ ಮತ್ತು ಗಂಜ್‌ಗಳು

ನಮಗೆ ಈ ಜೀವನದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವ ವರ್ಷ 1651. ಸುಲ್ತಾನ ಹಾಸಿಗೆ ಹಿಡಿದು ಐದು ವರ್ಷ ಆಗಿತ್ತು. ಆ ವರ್ಷ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಸಿದ್ಧವಾಯಿತು. ಹರವು 234 ಎಕರೆ. ಬೇಗಂ ಜಹಾನಳ ನೆನಪಿಗೆ ಕಟ್ಟಿಸಿದ್ದು ಎನ್ನುತ್ತಾರೆ. ಇಬ್ರಾಹಿಂಪುರ, ಜಲನಗರದ ಕಡೆಯ ಓದುಗರಿಗೆ ಈ ಕೆರೆಯ ಪರಿಚಯ ನಾವು ಮಾಡಿಕೊಡಬೇಕಾಗಿಲ್ಲ.

ಬಿಜಾಪುರಕ್ಕೆ ನೀರು ತರುವ ಕೆಲಸ ಇಲ್ಲಿಂದ ಶುರುವಾಗಿದ್ದಲ್ಲ. ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತರುವ ವ್ಯವಸ್ಥೆ ಹಿಂದಿನ ಸುಲ್ತಾನರ ಕಾಲದಲ್ಲೇ ಇತ್ತು. ಊರೊಳಗೆ ಚಾಂದ್ ಬಾವಡಿ, ತಾಜ್ ಬಾವಡಿಯಂಥ ದೊಡ್ಡ ಬಾವಿಗಳಿದ್ದವು. ಜನ ಹೆಚ್ಚಾದ ಹಾಗೆ ಅವು ಸಾಲದೆ ಹೋದವು.

ಬೇಗಂ ತಲಾಬಿನ ಬಲಬದಿಯಲ್ಲಿ ನೆಲದಡಿಯ ಕೋಣೆಯೊಂದಿದೆ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಹೊರಡುತ್ತಿತ್ತು. ಕೊಳವೆಗಳನ್ನು 15ರಿಂದ 50 ಅಡಿ ಆಳದಲ್ಲಿ ಹೂತು, ಒಂದಕ್ಕೊಂದು ಜೋಡಿಸಿ, ಸುತ್ತ ಕಲ್ಲು ಗಾರೆಯ ಕಟ್ಟಡ ಮಾಡಿದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರಗಳು. ಇವೇ ಗಂಜ್‌ಗಳು.

ಫಾರ್ವರ್ಡ್‌ಗಳು ಎಡವುವುದು ಇಲ್ಲೇ. ಗೋಪುರ ಎತ್ತರ ಇದೆ, ಅದರಲ್ಲಿ ನೀರು ಇತ್ತು, ಆದ್ದರಿಂದ ನೀರನ್ನು ಮೇಲೆತ್ತುತ್ತಿತ್ತು ಎಂದು ಬರೆಯುತ್ತಾರೆ. ಹಾಗಲ್ಲ. ಕೆರೆಯ ನೀರಿನ ಮಟ್ಟಕ್ಕಿಂತ ಒಂದು ಬೆರಳು ಮೇಲಕ್ಕೂ ಯಾವ ಗೋಪುರವೂ ನೀರನ್ನು ತಾನಾಗಿ ಏರಿಸಲಾರದು. ಕೆರೆ ಎತ್ತರದಲ್ಲಿದೆ, ಊರು ತಗ್ಗಿನಲ್ಲಿದೆ, ನೀರು ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಅಷ್ಟೇ. ಗಂಜ್‌ನ ಕೆಲಸ ಬೇರೆ.

ನೀರು ಮುಚ್ಚಿದ ಕೊಳವೆಯಲ್ಲಿ ತಗ್ಗಿಗೆ ಇಳಿದಂತೆ ಒತ್ತಡ ಏರುತ್ತದೆ. ಪ್ರತಿ 10 ಮೀಟರ್ ಇಳಿದರೆ ಒಂದು ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಭಾರ ಸೇರುತ್ತದೆ. ಅಂಗೈಯಗಲದ ಜಾಗದ ಮೇಲೆ ಸುಮಾರು ನೂರು ಕೆ.ಜಿ. ನೂಕಿದ ಹಾಗೆ. ಸುಟ್ಟ ಮಣ್ಣಿನ ಕೊಳವೆಗೆ, ಅದಕ್ಕಿಂತ ಹೆಚ್ಚಾಗಿ ಅದರ ಕೀಲುಗಳಿಗೆ, ಇದು ದೊಡ್ಡ ಪರೀಕ್ಷೆ. ಇದರ ಮೇಲೆ ಕೆಳಗೆಲ್ಲೋ ಯಾರೋ ದ್ವಾರವನ್ನು ಥಟ್ಟನೆ ಮುಚ್ಚಿದರೆ, ಓಡುತ್ತಿದ್ದ ನೀರು ಒಮ್ಮೆಲೇ ನಿಂತು ಕೊಳವೆಗೆ ಗುದ್ದುತ್ತದೆ. ನಿಮ್ಮ ಮನೆಯಲ್ಲಿ ನಲ್ಲಿ ಫಕ್ಕನೆ ತಿರುಗಿಸಿದಾಗ ಗೋಡೆಯೊಳಗೆ ಧಡ್ ಎಂಬ ಸದ್ದು ಬರುವುದು ಇದೇ ಕಾರಣಕ್ಕೆ.

ದಾರಿಯಲ್ಲಿ ಮೇಲೆ ತೆರೆದ ಗೋಪುರ ಇದ್ದರೆ ಏನಾಗುತ್ತದೆ? ಗುದ್ದು ಬಂದಾಗ ನೀರು ಕೊಳವೆಯನ್ನು ಒಡೆಯುವ ಬದಲು ಗೋಪುರದೊಳಗೆ ಮೇಲೇರುತ್ತದೆ, ಮತ್ತೆ ಇಳಿಯುತ್ತದೆ. ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುತ್ತದೆ. ಒತ್ತಡ ಮಿತಿ ಮೀರಿದರೆ ನೀರು ತುಂಬಿ ಹೊರಚೆಲ್ಲಬಹುದೇ ಹೊರತು ಅದಕ್ಕಿಂತ ಹೆಚ್ಚು ಒತ್ತಡ ನಿಲ್ಲಲಾರದು. ಅಂದರೆ ಗೋಪುರದ ಎತ್ತರವೇ ಒತ್ತಡದ ಮಿತಿ. ಆ ಮಿತಿಯನ್ನು ನಿರ್ಧರಿಸಿದ್ದು ಕಟ್ಟಿದ ದಿನ. ನೀರು ಬಿಡುವವನು ನಿದ್ದೆ ಹೋಗಿದ್ದರೂ ಗಂಜ್ ತನ್ನ ಕೆಲಸ ಮಾಡುತ್ತದೆ. ಕುಕ್ಕರಿನ ವೇಟ್ ಮಾಡುವುದೂ ಇದನ್ನೇ. ನಿಮ್ಮ ಮನೆಯ ಮೇಲೆ ಸೋಲಾರ್ ಹೀಟರ್ ಪಕ್ಕದಲ್ಲಿ ಬಾಯಿ ತೆರೆದು ನಿಂತ ಉದ್ದದ ಗಾಳಿ ಪೈಪು ಗಂಜ್‌ನ ದೂರದ ನೆಂಟ. ಅದು ಸುಮ್ಮನೆ ನಿಂತಿದೆ ಎಂದು ಯಾರೂ ಮುಚ್ಚಳ ಹಾಕಬೇಡಿ.

ಗಂಜ್ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಕಿರಿದಾದ ಕೊಳವೆಯಲ್ಲಿ ಓಡಿ ಬಂದ ನೀರು ಅಗಲವಾದ ಗೋಪುರದೊಳಗೆ ಬಂದಾಗ ನಿಧಾನವಾಗುತ್ತದೆ. ನಿಧಾನವಾದ ನೀರು ಮಣ್ಣನ್ನು ಹೊತ್ತುಕೊಂಡು ಹೋಗಲಾರದು. ಮಳೆಗಾಲದ ರಾಡಿ ನೀರನ್ನು ಅಜ್ಜಿಯರು ಕೊಡದಲ್ಲಿ ನಿಲ್ಲಿಸಿ, ತಿಳಿಯಾದ ಮೇಲೆ ಬಸಿಯುತ್ತಿದ್ದರಲ್ಲ, ಅದೇ ವಿದ್ಯೆ. ಹೂಳು ತಳದಲ್ಲಿ ಕೂರುತ್ತದೆ, ತಿಳಿನೀರು ಮುಂದೆ ಹೋಗುತ್ತದೆ.

ಈಗ ಆ ಹೂಳನ್ನು ನೋಡಿ. ಅದು ತಳದಲ್ಲಿ ಕೂತಿತು, ಸರಿ. ಆಮೇಲೆ? ಅದು ಎಲ್ಲಿಗೂ ಹೋಗುವುದಿಲ್ಲ. ಪ್ರತಿ ಮಳೆಗಾಲಕ್ಕೂ ಇನ್ನಷ್ಟು ಸೇರುತ್ತದೆ. ಯಾರಾದರೂ ಇಳಿದು ತೆಗೆಯದಿದ್ದರೆ ಕೊಳವೆಯ ಬಾಯಿಯೇ ಮುಚ್ಚಿಹೋಗುತ್ತದೆ. ಒಮ್ಮೆ ಕಟ್ಟಿದರೆ ಯಾರೂ ಮುಟ್ಟಬೇಕಾಗಿಲ್ಲ ಎಂಬ ಫಾರ್ವರ್ಡಿನ ಮಾತಿಗೆ ಉತ್ತರ ಗಂಜ್‌ನ ಬುಡದಲ್ಲೇ ಇದೆ. ಕಟ್ಟಿದವರು ಹೂಳನ್ನು ನಿಲ್ಲಿಸಲು ಹೋಗಲಿಲ್ಲ. ಆಳದಲ್ಲಿ ಹೂತ ಉದ್ದನೆಯ ಕೊಳವೆಯಲ್ಲಿ ಕಣ್ಣಿಗೆ ಕಾಣದೆ ಸೇರಬೇಕಿದ್ದ ಹೂಳನ್ನು, ಮನುಷ್ಯನ ಕೈಗೆ ಸಿಗುವ ಜಾಗದಲ್ಲಿ ಸೇರುವಂತೆ ಮಾಡಿದರು. ಮುಂಚಿನ ಹೊಂದಿಕೆ ಆಮೇಲಿನ ಹೊಂದಿಕೆಯನ್ನು ತಪ್ಪಿಸಲಿಲ್ಲ, ಸುಲಭ ಮಾಡಿತು.

ಇಂದಿನ ಎಂಜಿನಿಯರ್‌ಗಳಿಗೆ ಬೈಯುವವರಿಗೆ ಇದನ್ನೂ ಹೇಳಬೇಕು: ಗಂಜ್‌ನ ತತ್ವ ಮರೆತುಹೋದ ವಿದ್ಯೆಯಲ್ಲ. ಗುಡ್ಡದಿಂದ ಇಳಿಯುವ ಪೈಪ್‌ಲೈನ್‌ಗಳಲ್ಲಿ ಒತ್ತಡ ಮುರಿಯುವ ತೊಟ್ಟಿಗಳನ್ನು, ಜಲವಿದ್ಯುತ್ ಕೇಂದ್ರಗಳಲ್ಲಿ ನೀರಿನ ಗುದ್ದು ತಾಳುವ ಎತ್ತರದ ಬಾವಿಗಳನ್ನು ಈಗಲೂ ಕಟ್ಟುತ್ತಾರೆ. ನಮ್ಮ ಕಾಲದಲ್ಲಿ ಕೊರತೆ ಇರುವುದು ಹೆಚ್ಚಾಗಿ ಎರಡನೇ ಕೆಲಸದಲ್ಲಿ. ಕಟ್ಟುವುದಕ್ಕೆ ಉದ್ಘಾಟನೆ ಇದೆ, ಹೂಳು ತೆಗೆಯುವುದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ.

1656ರ ನಂತರ

1656ರ ನವೆಂಬರಿನಲ್ಲಿ ಮಹಮ್ಮದ್ ತೀರಿಕೊಂಡ. ಗುಮ್ಮಟ ಏರಿತ್ತು, ಆದರೆ ಅಲಂಕಾರದ ಕೆಲಸ ಮುಗಿದಿರಲಿಲ್ಲ. ಗೋಡೆಗಳು ಇಂದಿಗೂ ಬೋಳಾಗಿ ಕಾಣುವುದು ಅದಕ್ಕೇ. ದಕ್ಷಿಣದ ಬಾಗಿಲ ಮೇಲಿನ ಬರಹದಲ್ಲಿ ಸಾವಿನ ವರ್ಷವನ್ನು ಅಕ್ಷರಗಳ ಲೆಕ್ಕದಲ್ಲಿ ಅಡಗಿಸಿಟ್ಟಿದ್ದಾರೆ. ಹಿಜರಿ 1067. ಒಳಗೆ ಆತನ ಜೊತೆ ಬೇಗಂಗಳಾದ ತಾಜ್ ಜಹಾನ್, ಅರೂಸ್ ಬೀಬಿ, ನರ್ತಕಿ ರಂಭಾ, ಮಗಳು ಮತ್ತು ಮೊಮ್ಮಗನ ಗೋರಿಗಳಿವೆ.

ತನ್ನ ಗೋರಿಯನ್ನು ದಶಕಗಳ ಮೊದಲೇ ಸಿದ್ಧಪಡಿಸಿದ, ಕೊಳವೆ ಒಡೆಯದಂತೆ ಮುಂಚೆಯೇ ಗೋಪುರ ಕಟ್ಟಿಸಿದ ಸುಲ್ತಾನ, ತಾನು ಹೋದ ಮೇಲೆ ಸಿಂಹಾಸನಕ್ಕೆ ಬೀಳುವ ಗುದ್ದಿಗೆ ಅಂಥ ಗೋಪುರ ಕಟ್ಟಲಿಲ್ಲ. ಹತ್ತು ವರ್ಷದ ಕಾಯಿಲೆ ಅದಕ್ಕೆ ಸಮಯ ಕೊಟ್ಟಿತ್ತು ಎಂಬುದು ನಮ್ಮ ಅಭಿಪ್ರಾಯ. ಬಡೀ ಸಾಹಿಬಾ ಮುಂದೆ ನಿಂತು ಹರೆಯದ ಎರಡನೇ ಅಲಿಗೆ ಪಟ್ಟ ಕಟ್ಟಿಸಿದಳು. ದಖ್ಖನಿನಲ್ಲಿ ಮೊಗಲ್ ಸುಬೇದಾರನಾಗಿದ್ದ ಔರಂಗಜೇಬ್, ಆತ ಸುಲ್ತಾನನ ಸ್ವಂತ ಮಗನೇ ಅಲ್ಲ ಎಂಬ ತಕರಾರು ತೆಗೆದ. ಅದನ್ನೇ ನೆಪ ಮಾಡಿಕೊಂಡು 1657ರಲ್ಲಿ ದಂಡೆತ್ತಿ ಬಂದ. ಬೀದರ್ ಹೋಯಿತು, ಕಲ್ಯಾಣಿ ಹೋಯಿತು. ಷಹಜಹಾನನ ಕಾಯಿಲೆಯ ಸುದ್ದಿಯಿಂದ ದಿಲ್ಲಿಯಲ್ಲೇ ಸಿಂಹಾಸನದ ಜಗಳ ಶುರುವಾದದ್ದರಿಂದ ಬಿಜಾಪುರ ಆ ಸಲ ಉಳಿಯಿತು. ಇನ್ನು ಮೂವತ್ತು ವರ್ಷ ತುಂಬುವ ಮೊದಲೇ, 1686ರ ಸೆಪ್ಟೆಂಬರಿನಲ್ಲಿ, ಅದೇ ಔರಂಗಜೇಬ್ ಬಾದಶಹನಾಗಿ ಬಂದು ಬಿಜಾಪುರವನ್ನು ತೆಗೆದುಕೊಂಡ.

ರಾಜಧಾನಿ ಎಂಬ ಪಟ್ಟ ಹೋಯಿತು. ಜನ ಊರು ಬಿಟ್ಟರು. ಗಂಜ್‌ಗೆ ಇಳಿದು ಹೂಳು ತೆಗೆಸುವ ದರ್ಬಾರು ಉಳಿಯಲಿಲ್ಲ. ಕೊಳವೆಗಳು ಒತ್ತಡದಿಂದ ಒಡೆದುಹೋಗುವುದನ್ನು ತಡೆಯಲು ಗೋಪುರಗಳಿದ್ದವು. ಯಾರೂ ನೋಡದೆ ಬಿಡುವುದನ್ನು ತಡೆಯುವ ಗೋಪುರ ಇರಲಿಲ್ಲ. ಇಂದು ವಿಜಯಪುರದ ನಲ್ಲಿಗೆ ಬರುವುದು ಹೆಚ್ಚಾಗಿ ಕೊಲ್ಹಾರದ ಕಡೆಯಿಂದ ಪಂಪ್ ಮಾಡಿದ ಕೃಷ್ಣಾ ನೀರು. ಹಳೆಯ ಗಂಜ್‌ಗಳಲ್ಲಿ ಕೆಲವು ಮನೆ, ಅಂಗಡಿ, ರಸ್ತೆಗಳ ನಡುವೆ ಇನ್ನೂ ನಿಂತಿವೆ. ಒಳಗೆ ನೀರಿಲ್ಲ.